ಐಲೈನರ್ ರೆಪ್ಪೆಗೆ ಅಂಟುವುದು, ಕಣ್ಣುರಿ: ನಿಂತಿದ್ದು ಹೀಗೆ

ಬೆಳಿಗ್ಗೆ ಎಳೆದ ಗೆರೆ ಮಧ್ಯಾಹ್ನದೊಳಗೆ ರೆಪ್ಪೆಯ ಮಡಿಕೆಯಲ್ಲಿ ಅಚ್ಚೊತ್ತುತ್ತಿತ್ತು, ಕಣ್ಣಿನ ಕೆಳಗೂ ಕಪ್ಪು. ಸಂಜೆಗೆ ಉರಿ. ಮಂಗಳೂರಿನ ಸೆಕೆಯೇ ಕಾರಣ ಎನ್ನುತ್ತಾರೆ. ಅದು ಅರ್ಧ ಸತ್ಯ.

ವಾಟರ್‌ಪ್ರೂಫ್ ಪೆನ್ಸಿಲ್ ಪ್ರಯೋಜನಕ್ಕೆ ಬರಲಿಲ್ಲ. ಅದು ನೀರಿಗೆ ಜಗ್ಗದಿದ್ದರೂ ಚರ್ಮದ ಎಣ್ಣೆಗೆ ಕರಗುತ್ತದೆ. ಕಣ್ಣಿನ ಕೆಳಗೆ ಪೌಡರ್ ಹಾಕಿದರೆ ಬೂದಿ ಬಳಿದಂತೆ ಕಂಡಿತು. ಗೆರೆ ದಪ್ಪ ಮಾಡಿದಷ್ಟೂ ಹೆಚ್ಚು ಅಂಟಿತು.

ಕೆಲಸ ಮಾಡಿದ್ದು ರೆಪ್ಪೆಯ ಜಿಡ್ಡು ತೆಗೆದದ್ದು. ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಬಿಟ್ಟು, ರೆಪ್ಪೆಯ ಮೇಲೆ ಟಿಶ್ಯೂ ಒತ್ತಿ ತೆಗೆಯಿರಿ, ಉಜ್ಜಬೇಡಿ. ಮೇಲೆ ತೆಳುವಾಗಿ ಪೌಡರ್. ಕನ್ನಡಿಯನ್ನು ಗದ್ದಕ್ಕಿಂತ ಕೆಳಗಿಟ್ಟು ಕೆಳಗೆ ನೋಡಿ. ಆಗ ರೆಪ್ಪೆ ತಾನಾಗಿ ಚಪ್ಪಟೆಯಾಗುತ್ತದೆ, ಬೆರಳಿಂದ ಎಳೆಯಬೇಕಿಲ್ಲ. ಮೊಣಕೈ ಮೇಜಿನ ಮೇಲಿರಲಿ. ಲಿಕ್ವಿಡ್ ಲೈನರನ್ನು ರೆಪ್ಪೆಗೂದಲಿನ ಬುಡಕ್ಕೆ ಚುಕ್ಕೆಚುಕ್ಕೆಯಾಗಿ, ನಡುವಿನಿಂದ ಹೊರತುದಿಗೆ, ಆಮೇಲೆ ಮೂಗಿನ ಕಡೆಗೆ ಹಚ್ಚಿ. ಅರ್ಧ ನಿಮಿಷ ಕೆಳಗೇ ನೋಡುತ್ತಿರಿ. ಒಣಗಿದ ಮೇಲೆ ಕಪ್ಪು ಐಶ್ಯಾಡೋವನ್ನು ಚಪ್ಪಟೆ ಬ್ರಷ್‌ನಿಂದ ಗೆರೆಯ ಮೇಲೆ ಒತ್ತಿ. ಈ ಕೊನೆಯ ಹಂತ ಮಾಡದಿದ್ದರೆ ಮತ್ತೆ ಅಚ್ಚು.

ಉರಿ ನಿಂತದ್ದು ರೆಪ್ಪೆಯ ಒಳಅಂಚಿಗೆ ಹಚ್ಚುವುದನ್ನು ಬಿಟ್ಟಾಗ. ಕಣ್ಣೀರು ಬೇಗ ಆರದಂತೆ ಕಾಯುವ ಎಣ್ಣೆಯ ಗ್ರಂಥಿಗಳ ಬಾಯಿ ಅಲ್ಲೇ ಇರುವುದು. ಕಾಡಿಗೆ ಅಭ್ಯಾಸದವರಿಗೆ ಕಷ್ಟವೇ.

ಲೆನ್ಸ್ ಇದ್ದರೆ ಮೇಕಪ್‌ಗೆ ಮೊದಲು ಹಾಕಿ, ಮೇಕಪ್ ಅಳಿಸುವ ಮೊದಲು ತೆಗೆಯಿರಿ. ರಾತ್ರಿ ರಿಮೂವರ್ ಹಾಕಿದ ಹತ್ತಿಯನ್ನು 20 ಸೆಕೆಂಡ್ ಒತ್ತಿ ಹಿಡಿದು ಕೆಳಮುಖವಾಗಿ ಒರೆಸಿ. ಲಿಕ್ವಿಡ್ ಲೈನರ್ ತೆರೆದ 3 ತಿಂಗಳಿಗೆ ಎಸೆಯಿರಿ, ಅರ್ಧ ಉಳಿದಿದ್ದರೂ.