ಅವ್ವನ ಆಕ್ಸಿಜನ್ ಮೆಷಿನ್ನೂ ನಮ್ಮೂರ ಕರೆಂಟೂ

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಮಳೆ ಹಿಡಿಯಿತು ಅಂದರೆ ಕರೆಂಟನ್ನು ನಂಬುವ ಹಾಗಿಲ್ಲ. ತೋಟದ ಸಿಲ್ವರ್ ಮರದ ಕೊಂಬೆಯೊಂದು ಲೈನ್ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಹಾಗಾಗಿ ಅವ್ವನಿಗೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ ಇಡಬೇಕು ಅಂತ ಡಾಕ್ಟರ್ ಹೇಳಿದಾಗ ತಲೆಗೆ ಬಂದ ಮೊದಲ ಚಿಂತೆಯೇ ಅದು. ನಾನು ಪಂಪ್‌ಸೆಟ್ ರಿಪೇರಿ ಮಾಡುವವನು ಬೇರೆ.

ಅವ್ವ ಬೀಡಿ ಮುಟ್ಟಿದವಳಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿದ್ದಾಳೆ. ಅವಳಿಗಿರುವುದು ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗಿಸುವ, ಬಹುಕಾಲ ಇರುವ ಶ್ವಾಸಕೋಶದ ಕಾಯಿಲೆ. ಅದು ಬರಲು ಆ ಹೊಗೆಯೇ ಸಾಕಂತೆ.

ಮೆಷಿನ್ ಕೆಲಸ ಸರಳ. ರೂಮಿನ ಗಾಳಿಯಲ್ಲಿ ಶೇ 21 ಆಕ್ಸಿಜನ್, ಶೇ 78 ನೈಟ್ರೋಜನ್. ಒಳಗಿನ ಕಂಪ್ರೆಸರ್ ಆ ಗಾಳಿಯನ್ನು ಜಿಯೋಲೈಟ್ ಕಾಳು ತುಂಬಿದ ಡಬ್ಬಿಗೆ ನುಗ್ಗಿಸುತ್ತದೆ, ಕಾಳು ನೈಟ್ರೋಜನ್ ಹಿಡಿದುಕೊಳ್ಳುತ್ತದೆ, ಮೂಗಿಗೆ ಬರುವುದರಲ್ಲಿ ಶೇ 90ಕ್ಕೂ ಹೆಚ್ಚು ಆಕ್ಸಿಜನ್. ಎರಡು ಡಬ್ಬಿ ಸರದಿ ಮೇಲೆ ಕೆಲಸ ಮಾಡುತ್ತವೆ, ಅದಕ್ಕೇ ಆಗಾಗ ಆ ಟುಸ್ ಸದ್ದು.

ಕರೆಂಟ್ ಹೋದಾಗಿನ ಹೊತ್ತಿಗೆ ಅಂತ ಮನೆಯಲ್ಲಿದ್ದ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕಿದೆ. ಮೆಷಿನ್ ಗುಂಯ್ ಅಂತ ನರಳಿ ಅಲಾರಂ ಹೊಡೆಯಿತು. ಲೈನಿನ ಕರೆಂಟಿನ ಹಾಗೆಯೇ ನಯವಾದ ಕರೆಂಟ್ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ತಂದ ಮೇಲೆ ಸರಿಹೋಯಿತು. ನಿಮಿಷಕ್ಕೆ 5 ಲೀಟರ್‌ವರೆಗೆ ಆಕ್ಸಿಜನ್ ಕೊಡುವ ನಮ್ಮ ಮೆಷಿನ್ ಎಳೆಯುವುದು ಸುಮಾರು 350 ವ್ಯಾಟ್. 150 ಎಎಚ್ ಬ್ಯಾಟರಿ ಅಂದರೆ 12 ವೋಲ್ಟ್‌ನಿಂದ ಗುಣಿಸಿದರೆ 1800 ವ್ಯಾಟ್-ಅವರ್, ಲೆಕ್ಕಕ್ಕೆ ಐದು ಗಂಟೆ ಬರಬೇಕು. ನನಗೆ ಸಿಕ್ಕಿದ್ದು ಮೂರೂವರೆ. ಲೀಟರ್ ಕಡಿಮೆ ಇಟ್ಟರೆ ಕರೆಂಟ್ ಉಳಿಯಬಹುದು ಅಂತ ಮೀಟರ್ ಹಾಕಿ ನೋಡಿದೆ. ಒಂದಕ್ಕಿಟ್ಟರೂ ನಾಲ್ಕಕ್ಕಿಟ್ಟರೂ ಕಂಪ್ರೆಸರ್ ಓಡುವುದು ಓಡಿಯೇ ಓಡುತ್ತದೆ, ಉಳಿದದ್ದು ಏನೂ ಇಲ್ಲ.

ಹಾಗಾಗಿ ಸಿಲಿಂಡರ್ ಬೇಕೇ ಬೇಕಾಯಿತು. ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ ಒಂದು ಲೀಟರ್ ಅಂದರೆ 25 ಗಂಟೆ. ಎರಡು ಇಟ್ಟಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ರಸ್ತೆಗಳೇ ಮುಚ್ಚಿದ್ದನ್ನು ನೋಡಿದವರಿಗೆ ಇದು ಜಾಸ್ತಿ ಅನ್ನಿಸಲಾರದು.

ಮೊದಲ ಸಲ ರೆಗ್ಯುಲೇಟರ್ ಕೂರಿಸುವಾಗ ಥ್ರೆಡ್ ಬಿಗಿಯಾಗಿತ್ತು. ಅಭ್ಯಾಸ ಬಲ, ಕೈ ಗ್ರೀಸ್ ಡಬ್ಬಿಗೆ ಹೋಯಿತು. ಸಿಲಿಂಡರ್ ತಂದ ಹುಡುಗ ನನ್ನ ಕೈಯನ್ನೇ ಹಿಡಿದುಬಿಟ್ಟ. “ಅಣ್ಣಾ, ಆಕ್ಸಿಜನ್‌ಗೆ ಎಣ್ಣೆ, ಗ್ರೀಸ್ ತಾಗಿದರೆ ಹತ್ತಿಕೊಳ್ಳುತ್ತೆ!” ಇಪ್ಪತ್ತು ವರ್ಷ ಸ್ಪಾನರ್ ಹಿಡಿದವನಿಗೆ ಇದು ಗೊತ್ತಿರಲಿಲ್ಲ. ಈಗ ಕೈ ಸೋಪು ಹಾಕಿ ತೊಳೆದೇ ಮುಟ್ಟುತ್ತೇನೆ. ಕರೆಂಟ್ ಹೋದರೆ ಆ ಕೋಣೆಯಲ್ಲಿ ಟಾರ್ಚ್ ಮಾತ್ರ, ಮೇಣದ ಬತ್ತಿ ಇಲ್ಲ.

ಇನ್ನೊಂದು ತಪ್ಪು ಹೇಳಲೇಬೇಕು. ಒಂದು ರಾತ್ರಿ ಅವ್ವನಿಗೆ ಏದುಸಿರು ಜಾಸ್ತಿಯಾಯಿತು ಅಂತ ಗಾಬರಿಯಲ್ಲಿ ಒಂದರಿಂದ ನಾಲ್ಕು ಲೀಟರ್‌ಗೆ ತಿರುಗಿಸಿದೆ. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಶೇ 98 ತೋರಿಸಿತು, ನನಗೆ ಖುಷಿ. ಬೆಳಿಗ್ಗೆ ನೋಡಿದರೆ ಅವ್ವ ಮಂಪರಿನಲ್ಲಿ, ತಲೆನೋವು ಅಂತಾಳೆ, ಕರೆದರೆ ಸರಿಯಾಗಿ ಎಚ್ಚರವಾಗುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಚೆನ್ನಾಗಿಯೇ ಬೈದರು. ಇಂಥವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಬಹುದು, ಅವ್ವನಿಗೆ 88ರಿಂದ 92ರೊಳಗೆ ಇದ್ದರೆ ಸಾಕು ಅಂದರು. ಅವತ್ತೇ ಆ ನಾಬ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದೆ, ನನ್ನ ಕೈಗೇ ಬೀಗ.

ದಿನಕ್ಕೆ ಕನಿಷ್ಠ 15 ಗಂಟೆ ಹಾಕಿ ಅಂತ ಬರೆದುಕೊಟ್ಟಿದ್ದಾರೆ. ನಿದ್ದೆಯ ಹೊತ್ತು ಅದರೊಳಗೇ ಬರಬೇಕು. ಅಂದರೆ ಹಗಲಲ್ಲಿ ಅರ್ಧ ಗಂಟೆ ಕರೆಂಟ್ ಹೋದರೆ ಓಡಾಡಿ ಗಲಾಟೆ ಮಾಡಬೇಕಿಲ್ಲ, ಆಕ್ಸಿಮೀಟರ್ ನೋಡಿಕೊಂಡು ಅವ್ವನನ್ನು ಸುಮ್ನೆ ಕೂರಿಸುತ್ತೇನೆ. ಬ್ಯಾಟರಿ ರಾತ್ರಿಗೆ.

ಫಿಲ್ಟರ್ ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆಯಬೇಕು. ಜುಲೈಯಲ್ಲಿ ಇಲ್ಲಿ ಒಣಗುವುದೇನಿದೆ? ಅವ್ವ ಅದನ್ನು ಬಟ್ಟೆಗಳ ಜೊತೆ ಒಲೆ ಮೇಲಿನ ಹಗ್ಗಕ್ಕೆ ನೇತುಹಾಕಿದ್ದಳು. ಸ್ಪಂಜು ತುಂಬಾ ಮಸಿ. ಯಾವ ಹೊಗೆಯಿಂದ ಕಾಯಿಲೆ ಬಂತೋ ಅದೇ ಹೊಗೆಗೆ ಒಣಹಾಕಿದ್ದೀಯಲ್ಲ ಅಂದರೆ, “ಬೇರೆಲ್ಲಿ ಒಣಗುತ್ತೆ, ನೀನೇ ಹೇಳು” ಅಂದಳು. ಉತ್ತರವಿರಲಿಲ್ಲ. ಎರಡನೇ ಫಿಲ್ಟರ್ ತಂದೆ, ಒಂದು ಮೆಷಿನ್‌ನಲ್ಲಿ, ಇನ್ನೊಂದು ಫ್ಯಾನಿನ ಕೆಳಗೆ.

ಭಾನುವಾರ ಎರಡೂ ಸಿಲಿಂಡರ್‌ನ ಒತ್ತಡ ತೋರಿಸುವ ಮುಳ್ಳು ನೋಡುತ್ತೇನೆ. ಹೋದ ವಾರ ಒಂದರದ್ದು 150 ಇದ್ದದ್ದು 90ಕ್ಕೆ ಇಳಿದಿತ್ತು, ಒಂದು ದಿನವೂ ಬಳಸಿರಲಿಲ್ಲ. ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದೆ. ಸಣ್ಣ ಗುಳ್ಳೆ, ಒಂದರ ಹಿಂದೆ ಒಂದು. ವಾಲ್ವ್ ಮುಚ್ಚಿ ಸವೆದ ವಾಷರ್ ಬದಲಾಯಿಸಿದೆ.