ಮಸ್ಟಾಂಗ್ ಕನ್ವರ್ಟಿಬಲ್: ಟಾಪ್ ಹಾಕುವ ಮೊದಲು ತಳ ನೋಡಿ

1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವಮೇಳದಲ್ಲಿ ಫೋರ್ಡ್ ಪರಿಚಯಿಸಿದ ಮಸ್ಟಾಂಗ್ ಕಾರಿನ ಕನ್ವರ್ಟಿಬಲ್, ಅಂದರೆ ಬಟ್ಟೆಯ ಛಾವಣಿ (ಟಾಪ್) ಇರುವ ಮಾದರಿಯ ಚಂದವೆಲ್ಲ ಟಾಪ್ ಮಡಚಿದಾಗಲೇ ಕಾಣುವುದು. ನಾಲ್ಕೂ ಗಾಜು ಇಳಿಸಿದರೆ ಮುಂದಿನ ಗಾಜಿನಿಂದ ಡಿಕ್ಕಿಯವರೆಗೆ ಅಡ್ಡ ಬರುವ ಒಂದು ಕಂಬವೂ ಇಲ್ಲ. ಆದರೆ ಇದಕ್ಕೆ ಪ್ರತ್ಯೇಕ ಚಾಸಿಯೂ ಇಲ್ಲ. ಛಾವಣಿ ಕೊಡಬೇಕಿದ್ದ ಗಟ್ಟಿತನವನ್ನು ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ ತಗಡಿನ ತೊಲೆಗಳಾದ ರಾಕರ್‌ಗಳೇ ಕೊಡಬೇಕು. ಅವು ತುಕ್ಕು ತಿಂದಿದ್ದರೆ ಬಣ್ಣ, ಬಟ್ಟೆಗೆ ಹಾಕಿದ ದುಡ್ಡು ದಂಡ.

ನಾನು ಮೊದಲು ನೋಡುವುದು ಬಾಗಿಲ ಹಿಂದಿನ ಸಂದು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರಿನ ನಡು ಕುಸಿದಿರುವ ಸಾಧ್ಯತೆ ಹೆಚ್ಚು. ಹಿಂಜ್ ಸವೆದಿಲ್ಲ ಎಂದು ಖಚಿತವಾದ ಮೇಲೆ ಹಿಂಜ್ ಎಳೆದು ಸಂದು ಹೊಂದಿಸಬೇಡಿ, ರೋಗ ಮುಚ್ಚಿಹೋಗುತ್ತದೆ.

ಆಮೇಲೆ ನೀರು. ವೈಪರ್ ಬಳಿಯ ಜಾಲರಿಗೆ ಒಂದೊಂದೇ ಬದಿಯಲ್ಲಿ ನಿಧಾನ ಸುರಿಯುತ್ತೇನೆ. ಇನ್ನೊಬ್ಬರು ಡ್ಯಾಶ್ ಕೆಳಗೆ ಟಾರ್ಚ್ ಹಿಡಿದಿರಬೇಕು. ಒಳಗೆ ಹನಿ ಬಿದ್ದರೆ ಕೌಲ್‌ನೊಳಗಿನ (ಮುಂದಿನ ಗಾಜಿನ ಬುಡದ ತಗಡಿನ ಪೆಟ್ಟಿಗೆಯೊಳಗಿನ) ಗಾಳಿಕಂಡಿಯ ಸುತ್ತ ತೂತಾಗಿದೆ. ಎಲೆ, ಮಣ್ಣು ಕೂತು ಒದ್ದೆಯಾಗಿಯೇ ಇರುವ ಜಾಗ ಅದು. ಪ್ಲಾಸ್ಟಿಕ್ ಟೋಪಿ ಅಂಟಿಸಿ ಮುಗಿಸುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಸ್ಪಾಟ್ ವೆಲ್ಡ್ ಕೊರೆದು ಮೇಲಿನ ತಗಡು ತೆಗೆದೇ ಸರಿಮಾಡಬೇಕು. ಇಲ್ಲವಾದರೆ ಹೊಸದಾಗಿ ಹಾಕಿದ ನೆಲದ ತಗಡೂ ಕೊಳೆಯುತ್ತದೆ.

ರಾಕರ್ ಕತ್ತರಿಸುವಾಗ ಕಾರಿನ ಭಾರ ಹಿಂದಿನ ಆಕ್ಸಲ್ ಮತ್ತು ಮುಂದಿನ ಚಕ್ರ ಹಿಡಿದಿರುವ ಕೆಳ ಆರ್ಮ್‌ಗಳ ಮೇಲಿರಲಿ. ನಡುವೆ ಜಾಕ್ ಕೊಟ್ಟರೆ ಬಾಡಿ ಬಾಗಿದ ಸ್ಥಿತಿಯಲ್ಲೇ ವೆಲ್ಡ್ ಆಗಿ, ಇಳಿಸಿದಾಗ ಬಾಗಿಲು ಮುಚ್ಚುವುದಿಲ್ಲ. ಸಂದು ಸರಿಯಾದ ಮೇಲೆ ಬಾಗಿಲ ಚೌಕಟ್ಟಿಗೆ ಚದರ ಪೈಪಿನ ಅಡ್ಡಪಟ್ಟಿ ಬೆಸೆದು, ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುತ್ತೇನೆ. ಕೂಪೆಯ (ಗಟ್ಟಿ ಛಾವಣಿಯ ಮಾದರಿಯ) ಒಳರಾಕರ್ ಅಗ್ಗ, ಆದರೆ ತೆಳು. ಕನ್ವರ್ಟಿಬಲ್‌ನದೇ ದಪ್ಪ ತಗಡು ತರಿಸಿ. 8 ಮಿ.ಮೀ. ತೂತು ಕೊರೆದು ಪ್ಲಗ್ ವೆಲ್ಡ್ ಮಾಡಿ (ತೂತನ್ನೇ ತುಂಬಿ ಬೆಸೆಯುವುದು), ಸಾಲಾಗಿ ಅಲ್ಲ, ಅಲ್ಲೊಂದು ಇಲ್ಲೊಂದು. ಸಾಲಾಗಿ ಮಾಡಿದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ರಾಕರ್‌ಗಳನ್ನು ತಳದ ಉದ್ದ ತೊಲೆಗಳಿಗೆ ಜೋಡಿಸುವ ಮುಂಭಾಗದ ಎರಡೂ ಟಾರ್ಕ್ ಬಾಕ್ಸ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ.

ಪವರ್ ಟಾಪ್ (ಎಣ್ಣೆಯ ಒತ್ತಡದಿಂದ ಏರಿಳಿಯುವಂಥದ್ದು) ಆದರೆ ಎರಡೂ ಬದಿಯ ಸಿಲಿಂಡರ್ ದಂಡದ ಬುಡದಲ್ಲಿ ಎಣ್ಣೆ ಜಿನುಗುತ್ತಿದೆಯೇ ನೋಡಿ. ಜಿನುಗಿದರೆ ಜೋಡಿಯನ್ನೇ ಬದಲಿಸಿ, ಒಂದೇ ಬಲಹೀನವಾದರೆ ಚೌಕಟ್ಟು ತಿರುಚಿಕೊಳ್ಳುತ್ತದೆ.

ಬಟ್ಟೆ ಇಲ್ಲದೆಯೇ ಚೌಕಟ್ಟನ್ನು ಹೊಂದಿಸಿ, ಗಾಜುಗಳನ್ನು ಏರಿಸಿ ರಬ್ಬರ್‌ಗೆ ತಾಗುವಂತೆ ಮಾಡಿ. ಬಟ್ಟೆಯನ್ನು ಸ್ಟೇಪಲ್ ಹೊಡೆದು ಕೂರಿಸುವ ಪಟ್ಟಿಗಳಲ್ಲಿ ಸ್ಟೇಪಲ್ ಹಿಡಿಯದ ಹಳೆಯವನ್ನು ಕಿತ್ತುಹಾಕಿ. ಮೊದಲು ಬಟ್ಟೆಯಡಿಯ ಪ್ಯಾಡ್, ಆಮೇಲೆ ಹಿಂದಿನ ಕಿಟಕಿ, ಕೊನೆಗೆ ಟಾಪ್‌ನ ವಿನೈಲ್ ಬಟ್ಟೆ. ಹಿಂದೆ ಸ್ಟೇನ್‌ಲೆಸ್ ಸ್ಟೇಪಲ್ ಹೊಡೆದು, ಬದಿಯ ಕೇಬಲ್ ಬಿಗಿದು, ಮುಂದಕ್ಕೆ ಎಳೆದು ಸೀಸದಕಡ್ಡಿಯಲ್ಲಿ ಗುರುತು ಮಾಡಿಕೊಂಡ ಮೇಲೆಯೇ ಅಂಟು ಹಚ್ಚುವುದು. ಚಳಿಯಲ್ಲಿ ವಿನೈಲ್ ಬಿರುಸಾಗಿ ಸುಕ್ಕು ನಿಲ್ಲುತ್ತದೆ. 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಕೆಲಸ ಹಿಡಿಯಿರಿ. ಮುಗಿದ ಮೇಲೆ ಕೆಲವು ವಾರ ಟಾಪ್ ಏರಿಸಿ ಲಾಕ್ ಮಾಡಿಯೇ ಇಡಿ, ಬೇಗ ಮಡಚಿದರೆ ಬಟ್ಟೆ ಮುದುಡಿ, ಮತ್ತೆ ಲಾಕ್‌ಗೆ ಎಟುಕಿಸುವುದು ಕಷ್ಟ.