800 ಸಿಗಲಿಲ್ಲ, 866 ಹಿಡಿದೆವು

1999ರ ಚಳಿಗಾಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಚಟ್ನಿಪುಡಿ, ಹುಳಿಪುಡಿ, ಗೊಜ್ಜವಲಕ್ಕಿ, ಹುರಿಹಿಟ್ಟು ಮಾಡಿ ಅಂಚೆಯಲ್ಲಿ ಕಳಿಸುವ ಸಣ್ಣ ವ್ಯಾಪಾರ ಶುರುಮಾಡಿ ನನಗೆ ಒಂದು ವರ್ಷ ಆಗಿತ್ತು. ಆರ್ಡರೆಲ್ಲ ಫೋನಿನಲ್ಲೇ ಬರಬೇಕು. ಒಹಾಯೋದಲ್ಲಿ ಮಗನ ಮನೆಯಲ್ಲಿದ್ದ ತಿಪಟೂರಿನ ಅಜ್ಜಿಯೊಬ್ಬರು ತಿಂಗಳಿಗೊಂದು ಸಲ ಫೋನ್ ಮಾಡುತ್ತಿದ್ದರು. ಎರಡು ರಿಂಗ್ ಆಗಿ ನಿಂತುಹೋದರೆ ಅದು ಅವರೇ. ನಾನು ವಾಪಸ್ ಮಾಡಬೇಕು. "ಸೊಸೆ ಏನೂ ಅನ್ನಲ್ಲ ಕಣಮ್ಮಾ, ಬಿಲ್ಲು ನೋಡಿದ್ರೆ ನನಗೇ ಹೊಟ್ಟೆ ಉರಿಯುತ್ತೆ" ಅನ್ನುತ್ತಿದ್ದರು.

ಆಗ ಬೇರೆ ರಾಜ್ಯಕ್ಕೆ ಫೋನ್ ಮಾಡಿದರೆ ನಿಮಿಷಕ್ಕಿಷ್ಟು ಅಂತ ದುಡ್ಡು. ಅರ್ಧ ಪೌಂಡ್ ಪುಡಿ ತರಿಸೋಕೆ ಎಂಟು ನಿಮಿಷ ಮಾತಾಡಿದರೆ ಯಾರಿಗೆ ಪೂರೈಸುತ್ತದೆ? ಕರೆಯ ಖರ್ಚು ನಮ್ಮ ಮೇಲೇ ಬರಲಿ, ಒಂದು ಟೋಲ್ ಫ್ರೀ ನಂಬರು ತಗೊಳ್ಳೋಣ ಅಂತ ನಾನೂ ನಮ್ಮ ಮನೆಯವರೂ ತೀರ್ಮಾನ ಮಾಡಿದೆವು.

ಅಮೆರಿಕದಲ್ಲಿ ಟೋಲ್ ಫ್ರೀ ನಂಬರು 800, 888, 877 ಇಂಥ ಮೂರಂಕಿಯಿಂದ ಶುರುವಾಗುತ್ತದೆ. ಫೋನ್ ಸಂಪರ್ಕ ಮಾಡಿಕೊಡುವ ಏಜೆಂಟರ ಹತ್ತಿರ 800 ನಂಬರು ಕೇಳಿದೆ. "ಅದರ ಆಸೆ ಬಿಟ್ಟುಬಿಡಿ, 877 ಕೊಡ್ತೀನಿ" ಅಂದರು. ಯಾಕೆ ಅಂತ ಕೆದಕಿ ತಿಳಿದುಕೊಂಡೆ. 800 ಆದಮೇಲೆ ಏಳು ಅಂಕಿ. ಅದರಲ್ಲಿ ಮೊದಲನೆಯದು 0 ಅಥವಾ 1 ಆಗುವಂತಿಲ್ಲ. ಹಾಗಾಗಿ 80 ಲಕ್ಷಕ್ಕಿಂತ ಜಾಸ್ತಿ ನಂಬರು ಹುಟ್ಟುವುದೇ ಇಲ್ಲ. 1967ರಲ್ಲಿ ಫೋನ್ ಕಂಪನಿ ಎಟಿ ಅಂಡ್ ಟಿ ಈ ಸೇವೆ ಶುರುಮಾಡಿದಾಗ ಅದು ದೊಡ್ಡ ಕಂಪನಿಗಳಿಗೆ ಮಾತ್ರ ಎಟುಕುತ್ತಿತ್ತು. 1993ರ ಮೇ ತಿಂಗಳಿಂದ ಒಂದು ಫೋನ್ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವಾಗ 800 ನಂಬರನ್ನೂ ಜೊತೆಗೆ ಒಯ್ಯಬಹುದು ಅಂತಾಯಿತು. ಕಂಪನಿಗಳು ಪೈಪೋಟಿಗೆ ಬಿದ್ದವು, ದರ ಇಳಿಯಿತು. ಪೇಜರಿಗೊಂದು ನಂಬರು, ಕಾಲೇಜಿಗೆ ಹೋದ ಮಕ್ಕಳು ಮನೆಗೆ ಫೋನ್ ಮಾಡೋಕೆ ಒಂದು ನಂಬರು. 1995ರಲ್ಲಿ ಅಮೆರಿಕದ ದೂರಸಂಪರ್ಕ ಆಯೋಗ ಎಫ್‌ಸಿಸಿ, ವಾರಕ್ಕೆ ಇಷ್ಟೇ ನಂಬರು ಅಂತ ರೇಷನ್ ಹಾಕಬೇಕಾಯಿತು. 1996ರ ಮಾರ್ಚ್ 1ಕ್ಕೆ 888 ಬಂತು, 1998ರ ಏಪ್ರಿಲ್‌ನಲ್ಲಿ 877. ಅಷ್ಟಾದರೂ ನಾನು ಕೇಳುವ ಹೊತ್ತಿಗೆ ಒಳ್ಳೊಳ್ಳೆ ನಂಬರೆಲ್ಲ ಖಾಲಿ.

ನನಗೊಂದು ಆಸೆ ಇತ್ತು. ಅಮೆರಿಕದ ಫೋನಿನ ಗುಂಡಿಗಳ ಮೇಲೆ ಅಂಕಿಯ ಜೊತೆ ಇಂಗ್ಲಿಷ್ ಅಕ್ಷರಗಳಿರುತ್ತವಲ್ಲ, ಅದರಲ್ಲಿ 'ಕನ್ನಡ' (KANNADA) ಅಂತ ಒತ್ತಿದರೆ ಸರಿಯಾಗಿ ಏಳು ಅಕ್ಷರ! 5-2-6-6-2-3-2. ಅಡುಗೆಮನೆಯ ಗೋಡೆ ಫೋನಿನ ಮುಂದೆ ನಿಂತು ಒಂದೊಂದೇ ಗುಂಡಿ ಒತ್ತಿ ಬರೆದುಕೊಂಡಾಗ ಮೈ ಜುಮ್ಮೆಂದಿತ್ತು. ನಂಬರು ನೆನಪಿಡಿ ಅಂತ ಯಾರಿಗೂ ಹೇಳುವುದೇ ಬೇಡ, ಅಲ್ವಾ? 800, 888, 877 ಮೂರರಲ್ಲೂ ವಿಚಾರಿಸಿದೆ. ಮೂರೂ ಬೇರೆಯವರ ಕೈಯಲ್ಲಿದ್ದವು. ಅಷ್ಟರಲ್ಲಿ ಯಾರೋ ಒಬ್ಬರು ಫೋನ್ ಮಾಡಿ, ಒಂದು ಒಳ್ಳೆ ನಂಬರು ಕೊಡಿಸುತ್ತೇನೆ, ಎರಡು ಸಾವಿರ ಡಾಲರ್ ಕೊಡಿ ಅಂದರು. ಟೋಲ್ ಫ್ರೀ ನಂಬರನ್ನು ಹಾಗೆ ಮಾರುವುದಕ್ಕೂ, ಉಪಯೋಗಿಸದೆ ಕೂಡಿಡುವುದಕ್ಕೂ ಎಫ್‌ಸಿಸಿ ನಿಷೇಧ ಹಾಕಿದೆ. ನಾವು ಬೇಡ ಅಂದೆವು. ಆದರೆ ಹೀಗೆ ಕೂಡಿಟ್ಟು ಕೂತವರಿಂದಲೇ ನಮ್ಮಂಥ ಸಣ್ಣ ವ್ಯಾಪಾರಿಗೆ ನಂಬರು ಸಿಗದೆ ಹೋಗಿದ್ದು ಅಂತ ಆವತ್ತು ಬಂದ ಸಿಟ್ಟು ಇನ್ನೂ ಆರಿಲ್ಲ.

ಕೊನೆಗೆ ಸಿಕ್ಕ 877 ನಂಬರನ್ನೇ ತಗೊಂಡು ಡಬ್ಬಿಗಳ ಮೇಲೆ ಚೀಟಿ ಅಂಟಿಸಿದೆವು. ತಿಂಗಳಾದರೂ ಕರೆ ಜಾಸ್ತಿಯಾಗಲಿಲ್ಲ. ಒಂದು ದಿನ ಮತ್ತೆ ಎರಡೇ ರಿಂಗ್. ವಾಪಸ್ ಮಾಡಿದೆ. "ಅಜ್ಜಿ, ಈಗ ಫ್ರೀ ನಂಬರಿದೆಯಲ್ಲ, ಅದಕ್ಕೇ ಮಾಡಿ."

"ಮಾಡಿದ್ನಲ್ಲಮ್ಮಾ! ಯಾರೋ ಹುಡುಗಿ ಇಂಗ್ಲಿಷ್‌ನಲ್ಲಿ ರೂಮು ಎಷ್ಟು ದಿನಕ್ಕೆ ಬೇಕು ಅಂತಾಳೆ."

ಚೀಟಿ ಓದಿ ಅಂದೆ. ಅಂಕಿಗಳನ್ನು ಸರಿಯಾಗಿಯೇ ಓದಿದರು. ಆದರೆ ಫೋನ್ ಒತ್ತುವಾಗ ಬೆರಳು 800ಕ್ಕೇ ಹೋಗುತ್ತಿತ್ತು. ಫ್ರೀ ನಂಬರು ಅಂದರೆ 800 ಅಂತಲೇ ಎಲ್ಲರ ತಲೆಯಲ್ಲಿ ಕೂತಿತ್ತು. ಅದೇ ಏಳು ಅಂಕಿಯ 800 ಒಂದು ಹೋಟೆಲಿನದು. ನಮಗೆ ಬರಬೇಕಾದ ಎಷ್ಟು ಕರೆ ಅಲ್ಲಿಗೆ ಹೋದವೋ! 888 ಬಂದಾಗ ಈ ಗೊಂದಲವನ್ನು ಮೊದಲೇ ಊಹಿಸಿ, 800 ಇದ್ದವರು ಕೇಳಿಕೊಂಡರೆ ಅದೇ ಅಂಕಿಯ 888 ಬೇರೆಯವರಿಗೆ ಹೋಗದಂತೆ ಲಕ್ಷಗಟ್ಟಲೆ ನಂಬರು ಬದಿಗಿಟ್ಟಿದ್ದರಂತೆ. ಅದು ಅವರಿಗಾದ ರಕ್ಷಣೆ. ನಮಗೆ ಯಾರೂ ಇಲ್ಲ.

ಆಗ ನಮ್ಮ ಮನೆಯವರು ಸುದ್ದಿ ತಂದರು. 2000ದ ಜುಲೈ 29ಕ್ಕೆ 866 ಬಿಡುತ್ತಾರೆ. ಆ ವರ್ಷ ಹ್ಯೂಸ್ಟನ್‌ನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನ ಬೇರೆ ಇತ್ತು. ಅಮೆರಿಕದ ಎಲ್ಲ ಮೂಲೆಯ ಕನ್ನಡಿಗರು ಒಂದೇ ಕಡೆ ಸಿಗುವಾಗ ಕೈಯಲ್ಲಿ ಸರಿಯಾದ ನಂಬರು ಇರಲೇಬೇಕು ಅನ್ನಿಸಿತು.

ಈ ಸಲ ಏಜೆಂಟರು ಕೊಟ್ಟಿದ್ದನ್ನು ಸುಮ್ನೆ ತಗೊಳ್ಳಲಿಲ್ಲ. 'ಕನ್ನಡ'ವನ್ನು 866ರಲ್ಲೂ ಕೇಳಿದೆವು. ಮೊದಲ ದಿನವೇ ಹೋಗಿಬಿಟ್ಟಿತು. ಹೋಗಲಿ, ಬೇರೆ ಇಪ್ಪತ್ತು ನಂಬರಿನ ಪಟ್ಟಿ ಕೊಡಿ ಅಂದೆ. ಒಂದು ಹಳದಿ ಪ್ಯಾಡಿನ ಮೇಲೆ ಬರೆದುಕೊಂಡು, ಪ್ರತಿಯೊಂದರ ಏಳು ಅಂಕಿಗೂ ಮೊದಲು 800 ಹಾಕಿ, ಆಮೇಲೆ 888, ಆಮೇಲೆ 877 ಹಾಕಿ ಫೋನ್ ಮಾಡಿದೆ. ಒಟ್ಟು ಅರವತ್ತು ಕರೆ. ಬ್ಯಾಂಕು, ವಿಮಾನದ ಟಿಕೆಟ್ಟು, ಔಷಧಿ, ಇಂಥವರು ಎತ್ತಿದರೆ ಅಡ್ಡಗೆರೆ. ಅಂಥ ಕಡೆ ನಮ್ಮವರು ತಪ್ಪಿ ಹೋದರೆ ಮೆಷಿನ್ನಿನ ಮಾತು ಕೇಳುತ್ತಾ ನಿಂತುಬಿಡುತ್ತಾರೆ. 800ರಲ್ಲಿ 'ಈ ನಂಬರು ಚಾಲ್ತಿಯಲ್ಲಿಲ್ಲ' ಅಂತ ಬಂದರೂ ಅಡ್ಡಗೆರೆ ಹಾಕಿದೆ. ನಿಲ್ಲಿಸಿದ ನಂಬರನ್ನು ಹೆಚ್ಚೆಂದರೆ ನಾಲ್ಕು ತಿಂಗಳು ತಡೆದಿಟ್ಟು ಮತ್ತೆ ಕೊಡುತ್ತಾರೆ, ನಾಳೆ ಅದು ಯಾರ ಪಾಲಿಗೋ ಗೊತ್ತಿಲ್ಲ. ಐದು ನಂಬರು ಉಳಿದವು.

ಆ ಐದನ್ನೂ ಮೈಸೂರಿನಲ್ಲಿದ್ದ ನಮ್ಮಪ್ಪನಿಗೆ ಫೋನಿನಲ್ಲಿ ಓದಿದೆ. ಒಂದೊಂದೇ ಸಲ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿ, ಅಪ್ಪಾ, ಯಾವುದು ನೆನಪಿದೆ ಅಂದೆ. ಒಂದನ್ನು ತಡವರಿಸದೆ ಹೇಳಿದರು. ಎರಡೆರಡು ಅಂಕಿ ಜೋಡಿಯಾಗಿ ಬರುವ ನಂಬರು ಅದು. ಅದನ್ನೇ ಹಿಡಿದೆವು.

ಇಲ್ಲಿ ಒಂದು ತಪ್ಪು ಮಾಡಿದೆ. ಟೋಲ್ ಫ್ರೀ ನಂಬರೆಲ್ಲ ಒಂದೇ ಕೇಂದ್ರ ಡೇಟಾಬೇಸಿನಲ್ಲಿರುತ್ತವೆ. ಅದರಲ್ಲಿ ನಮ್ಮ ನಂಬರಿನ ದಾಖಲೆ ನೋಡಿಕೊಳ್ಳುವ ಸಂಸ್ಥೆಗೆ ರೆಸ್ಪಾರ್ಗ್ ಅನ್ನುತ್ತಾರೆ. ಅವರು ನಂಬರನ್ನು 45 ದಿನ ಕಾದಿರಿಸಬಹುದು, ಅಷ್ಟರೊಳಗೆ ಗಿರಾಕಿಯ ಹೆಸರಿಗೆ ಹತ್ತಬೇಕು. ನಮ್ಮ ಏಜೆಂಟರು ಅದನ್ನು ತಮ್ಮ ಹೆಸರಿಗೇ ಹತ್ತಿಸಿಕೊಂಡಿದ್ದರು. ಎರಡು ವರ್ಷ ಕಳೆದು ಬೇರೆ ಕಂಪನಿಗೆ ಹೋಗಲು ಹೊರಟಾಗ, ಈ ನಂಬರು ನಿಮ್ಮದಲ್ಲ ಅಂದುಬಿಟ್ಟರು! ನಮ್ಮ ಹಳೇ ಬಿಲ್ಲು, ಅಚ್ಚು ಹಾಕಿಸಿದ ಚೀಟಿ, ಅರ್ಜಿಯ ನಕಲು ಎಲ್ಲ ಜೋಡಿಸಿ ಹೊಸ ಕಂಪನಿಯವರ ಮೂಲಕ ಪತ್ರ ಕಳಿಸಿ, ಏಳು ವಾರ ಓಡಾಡಿ ಬಿಡಿಸಿಕೊಂಡೆವು. ಆ ಏಳು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ನೀವು ನಂಬರು ತಗೊಳ್ಳುವ ದಿನವೇ, ಗಿರಾಕಿ ಅಂತ ಯಾರ ಹೆಸರಿದೆ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

2000ದ ಆ ಹ್ಯೂಸ್ಟನ್ ಸಮ್ಮೇಳನಕ್ಕೆ ಎರಡು ಸಾವಿರ ಚೀಟಿ ಒಯ್ದಿದ್ದೆವು, ಒಂದೂ ಉಳಿಯಲಿಲ್ಲ. 866 ಅನ್ನುವುದನ್ನು ಕೆಂಪಿನಲ್ಲಿ, ಉಳಿದ ಅಂಕಿಗಳ ಎರಡರಷ್ಟು ದೊಡ್ಡದಾಗಿ ಹಾಕಿಸಿದ್ದೆ. ಅದರ ಕೆಳಗೆ ಕನ್ನಡದಲ್ಲಿ 'ಎಂಟು ಆರು ಆರು, 800 ಅಲ್ಲ'. ಮುಂದಿನ ತಿಂಗಳು ಕರೆ ಮೂರು ಪಟ್ಟು. ಬಿಲ್ಲು ನೋಡಿದಾಗ ಮಾತ್ರ ಎದೆ ಧಸಕ್ಕೆಂದಿತು. ರಸ್ತೆಬದಿಯ ಪೇಫೋನಿನಿಂದ ಫ್ರೀ ನಂಬರಿಗೆ ಮಾಡಿದರೆ, ಆ ಪೇಫೋನಿನ ಮಾಲೀಕರಿಗೆ ಕರೆಗೆ 24 ಸೆಂಟ್ ಸಲ್ಲಬೇಕು ಅಂತ ಆಗಿನ ನಿಯಮ. ಅದು ಕೊನೆಗೆ ಬಂದು ಕೂರುವುದು ನಂಬರು ಇಟ್ಟುಕೊಂಡವರ ತಲೆಯ ಮೇಲೆ. ವಿಶ್ವವಿದ್ಯಾಲಯದ ಹುಡುಗರು ಪೇಫೋನಿನಿಂದಲೇ ಮಾಡುತ್ತಿದ್ದರು. ಅದನ್ನು ತಡೆಯಲು ಬರುತ್ತಿತ್ತು, ನಾನು ತಡೆಯಲಿಲ್ಲ. ಮನೆಯ ಊಟ ನೆನೆಸಿಕೊಂಡು ಫೋನ್ ಮಾಡುವ ಮಕ್ಕಳ ಕರೆ ಕತ್ತರಿಸಲು ಮನಸ್ಸು ಬರಲಿಲ್ಲ.

ಆಮೇಲೆ 2010ರಲ್ಲಿ 855, 2013ರಲ್ಲಿ 844, 2017ರಲ್ಲಿ 833 ಬಂದವು. 833ರಲ್ಲಿ ಹಲವರು ಮೇಲೆ ಬಿದ್ದು ಕೇಳಿದ ನಂಬರುಗಳನ್ನು 2019ರ ಡಿಸೆಂಬರ್‌ನಲ್ಲಿ ಎಫ್‌ಸಿಸಿಯೇ ಹರಾಜು ಹಾಕಿಸಿತು. ಈಗ ಮೊಬೈಲಿನಲ್ಲಿ ಯಾವ ರಾಜ್ಯಕ್ಕೆ ಮಾಡಿದರೂ ಖರ್ಚು ಒಂದೇ, ಆದರೂ ಈ ನಂಬರಿಗೆ ಬೇಡಿಕೆ ತಗ್ಗಿಲ್ಲ. ಯಾವ ಜಾಹೀರಾತಿನಿಂದ ಕರೆ ಬಂತು ಅಂತ ತಿಳಿಯಲು ಜಾಹೀರಾತಿಗೊಂದು ನಂಬರು ಹಾಕುವವರಿದ್ದಾರೆ. ಒಬ್ಬರೇ ನೂರಾರು ನಂಬರು ಹಿಡಿದರೆ ಉಳಿದವರಿಗೆ ಎಲ್ಲಿಂದ ಬರಬೇಕು?

ನಮ್ಮ 866 ಈಗಲೂ ನಡೆಯುತ್ತಿದೆ. ಫೋನ್ ಎತ್ತುವುದು ಮಗಳು. ಪ್ರತಿ ಜನವರಿಯಲ್ಲಿ ನಾನು ಅದೇ ಹಳದಿ ಪ್ಯಾಡ್ ತೆಗೆದು, ನಮ್ಮ ಏಳು ಅಂಕಿಗೆ 800, 888, 877 ಹಾಕಿ ಯಾರು ಎತ್ತುತ್ತಾರೆ ಅಂತ ನೋಡುತ್ತೇನೆ. ಈಗ 855, 844, 833 ಕೂಡ ಸೇರಿವೆ. ಈ ವರ್ಷ 844ರಲ್ಲಿ ಹೊಸದಾಗಿ ಒಂದು ವಿಮೆ ಕಚೇರಿ ಬಂದಿದೆ. ಚೀಟಿಯ ಮೇಲಿನ ಕೆಂಪು ಅಂಕಿಯನ್ನು ಇನ್ನೂ ಸ್ವಲ್ಪ ದಪ್ಪ ಮಾಡಿಸು ಅಂತ ಮಗಳಿಗೆ ಹೇಳಿದ್ದೇನೆ.